ಮುಂದಿನ ಕೋಣೆಗೆ ನಾನೇ ಕೂಡಿಸಿದ ಎ.ಸಿ.

ರೇಡಿಯೇಟರ್ ರಿಪೇರಿ ಮಾಡುವವನಿಗೆ ಬಿಸಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಏಳನೇ ಇಯತ್ತೆಗೆ ಸಾಲೆ ಬಿಟ್ಟು ಆಟೋ ನಗರದ ಶೆಡ್ಡಿಗೆ ಬಂದವನು ನಾನು. ಅಂದಿನಿಂದ ಮಾಡಿದ್ದು ಇದೊಂದೇ ಕೆಲಸ. ಲಾರಿಯಾಗಲಿ, ಟ್ರ್ಯಾಕ್ಟರಾಗಲಿ, ಎಂಜಿನ್ನಿನ ಬಿಸಿಯನ್ನು ಹೊರಗೆ ಹಾಕುವ ಆ ತಾಮ್ರದ ಜಾಳಿಗೆ ಕೆಟ್ಟಾಗ ನನ್ನ ಮುಂದೆ ಬರುತ್ತದೆ. ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಗಾಳಿ ಬಿಟ್ಟು, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತೇನೆ. ಗುಳ್ಳೆ ಎದ್ದಲ್ಲಿ ಬೆಸುಗೆ ಹಾಕುತ್ತೇನೆ. ಮತ್ತೆ ಮುಳುಗಿಸಿ ನೋಡುತ್ತೇನೆ. ನನ್ನ ಕೈಯಿಂದ ಹೋದದ್ದು ತಿರುಗಿ ಸೋರಿತು ಎಂದು ಒಬ್ಬ ಡ್ರೈವರನೂ ವಾಪಸು ಬಂದಿಲ್ಲ. ಇದು ಹೆಮ್ಮೆಯ ಮಾತೇ. ಆ ಹೆಮ್ಮೆಯನ್ನು ಮುಚ್ಚಿಟ್ಟುಕೊಂಡು ಇದನ್ನು ಬರೆಯಲು ನನಗೆ ಬರುವುದಿಲ್ಲ.

ನನ್ನ ಹೆಂಡತಿಗೆ ನರದ ಬೇನೆ ಹತ್ತಿ ಆಗ ಆರು ವರ್ಷವಾಗಿತ್ತು. ಮೊದಲು ಎಡಗಾಲು ಎಳೆಯತೊಡಗಿತು, ಆಮೇಲೆ ಕೈಯ ಹಿಡಿತ ಹೋಯಿತು, ದನಿ ಸಣ್ಣದಾಯಿತು. ಒಂದಷ್ಟು ತಿಂಗಳು ಕಡಿಮೆಯಾದಂತೆ ಅನಿಸುವುದು, ಮತ್ತೆ ಬರುವುದು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿಬರುತ್ತಿದ್ದಳು, ಕುಳಿತಲ್ಲೇ ಕಾಯಿಪಲ್ಲೆ ಸೋಸುತ್ತಿದ್ದಳು. ಆದರೆ ಬೇಸಿಗೆಯ ಮಧ್ಯಾಹ್ನ ಬಂತೆಂದರೆ ಮೈಯಲ್ಲಿಯ ಕಸುವೆಲ್ಲ ಯಾರೋ ಹಿಂಡಿಕೊಂಡಂತೆ ಆಗಿಬಿಡುತ್ತಿತ್ತು. ಚಹಾದ ಕಪ್ಪು ಬಾಯಿಯವರೆಗೆ ಬರುತ್ತಿರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ.

ಚಳಿಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ಬಿಡಿಸಿ ಹೇಳಿದರು. “ಇವರಿಗೆ ಸೆಕಿ ಆಗಂಗಿಲ್ರಿ. ಮೈ ಕಾದ್ರ ನರ ಕೆಲಸಾ ಬಿಡ್ತಾವು. ಹಂಗಂತ ಥಂಡಿನೂ ಭಾಳ ಆಗಬಾರದು, ಕೈಕಾಲು ಸೆಟೀತಾವು. ಒಂದ ಹದದಾಗ ಇಡ್ರಿ.”

ಒಂದು ಹದದಲ್ಲಿ ಇಡುವುದು ಎಂದರೆ ನನ್ನ ಕಸುಬೇ. ಎಂಜಿನ್ನನ್ನು ಇಡುವುದೂ ಹಾಗೆಯೇ ಅಲ್ಲವೇ? ಬೆಳಗಾವಿಯಲ್ಲಿ ಮನೆಗೆ ಫ್ಯಾನೇ ಹೆಚ್ಚು ಎನ್ನುತ್ತಿದ್ದ ಕಾಲದಲ್ಲಿ ಬೆಳೆದವನು ನಾನು. ಎ.ಸಿ. ಎಂದರೆ ಬ್ಯಾಂಕಿನಲ್ಲಿ ಪಾಳಿ ಹಚ್ಚಿದಾಗ ಬೆನ್ನಿಗೆ ಬಡಿಯುವ ಗಾಳಿ ಎಂದಷ್ಟೇ ಗೊತ್ತಿತ್ತು. ಆದರೂ ಡಾಕ್ಟರು ಹೇಳಿದ ವಾರದೊಳಗೆ ಅಂಗಡಿಗೆ ಹೋಗಿ, ಬೇಸಿಗೆಗೆ ತಂಪು ಮತ್ತು ಚಳಿಗಾಲಕ್ಕೆ ಬಿಸಿ ಎರಡೂ ಕೊಡುವ ಮಷೀನನ್ನೇ ಆರಿಸಿದೆ. ಕೂಡಿಸುವ ಹುಡುಗರು ಬರಲು ಹತ್ತು ದಿನ ಆಗುತ್ತದೆ ಎಂದ ಅಂಗಡಿಯವನು.

“ಹತ್ತ ದಿನಾ ಯಾಕ? ನಾನ ಕೂಡಸ್ತೀನಿ” ಎಂದೆ.

ಅವನು ನನ್ನ ಕೈ ನೋಡಿದ. ಎಷ್ಟು ತೊಳೆದರೂ ಬೆರಳ ಗೆರೆಗಳಲ್ಲಿ ಕರಿ ಉಳಿಯುವ ಕೈ. “ಬ್ಯಾಡ್ರೀ ಕಾಕಾ, ಇದೆಲ್ಲಾ ಟೆಕ್ನಿಕಲ್ ಇರತೈತಿ. ನಿಮಗ ತಿಳಿಯಂಗಿಲ್ಲ.”

ಆ ಮಾತು ನನಗೆ ನಾಟಿತು. ಮಷೀನಿನ ಒಳಗಿನದು, ಹೊರಗಿನದು ಎರಡೂ ಡಬ್ಬಿಗಳನ್ನು ಅಂದೇ ಟೆಂಪೋಕ್ಕೆ ಹಾಕಿಸಿಕೊಂಡು ನಮ್ಮ ಮನೆಯಿರುವ ಖಾಸಬಾಗಕ್ಕೆ ತಂದೆ.

ನಮ್ಮ ಮನೆ ದೊಡ್ಡದಲ್ಲ. ಓಣಿಗೆ ತೆರೆದುಕೊಳ್ಳುವ ಮುಂದಿನ ಕೋಣೆ, ಹಿಂದೆ ಅಡುಗೆಮನೆ, ಅದರ ಹಿಂದೆ ಬಚ್ಚಲು. ಬೇನೆ ಹೆಚ್ಚಾದ ಮೇಲೆ ಅವಳ ಮಂಚವನ್ನು ಮುಂದಿನ ಕೋಣೆಗೇ ತಂದಿದ್ದೆ. ನಮ್ಮ ಓಣಿಯಲ್ಲಿ ಮುಂಜಾನೆ ತೆರೆದ ಬಾಗಿಲನ್ನು ದೀಪ ಹಚ್ಚುವ ತನಕ ಹಾಕುವ ರೂಢಿಯಿಲ್ಲ. ಮಂಚದ ಮೇಲೆ ಕುಳಿತರೆ ಅವಳಿಗೆ ಇಡೀ ಓಣಿ ಕಾಣುತ್ತಿತ್ತು. ಎಲ್ಲಿಯೋ ಮಗ್ಗದ ಸಪ್ಪಳ, ನೀರಿನ ಕೊಡಗಳ ಸಪ್ಪಳ. ಹೋಗುವವರು ಬರುವವರು ಇಣುಕಿ ಒಂದು ಮಾತು ಆಡಿಯೇ ಮುಂದೆ ಹೋಗುತ್ತಿದ್ದರು.

ಹೋಗುವವರು ಬರುವವರು ಎಂದೆನಲ್ಲ, ಅದನ್ನು ಸರಿಯಾಗಿ ಹೇಳಬೇಕು. ನಮ್ಮ ಕಡೆಯ ಹೆಂಗಸರು ಮಾತಿಗೆಂದು ಬಂದರೆ ಪೂರ್ತಿ ಒಳಗೆ ಬರುವುದಿಲ್ಲ. ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದು ಕಾಲಿನದು ಹಾಗೇ ಇಟ್ಟುಕೊಂಡು, ಚೌಕಟ್ಟಿಗೆ ಕೈ ಕೊಟ್ಟು ನಿಲ್ಲುತ್ತಾರೆ. “ಕುಂದರ್ರಿ” ಎಂದರೆ, “ಇಲ್ಲವಾ, ಒಲಿ ಮ್ಯಾಲ ಸಾರ ಇಟ್ಟ ಬಂದೀನಿ” ಎನ್ನುತ್ತಾರೆ. ಹಾಗೆಂದು ತಾಸು ನಿಲ್ಲುತ್ತಾರೆ. ಕುಳಿತರೆ ಚಹಾ ಮಾಡಬೇಕಾಗುತ್ತದೆ, ಬೇನೆಯವಳಿಗೆ ತ್ರಾಸು. ನಿಂತರೆ ಯಾರಿಗೂ ಭಾರವಿಲ್ಲ. ಎದುರು ಮನೆಯ ಮುದುಕಿಯಂತೂ ದಿನಕ್ಕೆ ನಾಲ್ಕು ಸಲ ಹೀಗೆ ನಿಲ್ಲುತ್ತಿದ್ದಳು. ಓಣಿಗೆಲ್ಲ ಅವಳು ಆಯಿ. ನನ್ನ ಹೆಂಡತಿ ಮದುವೆಯಾಗಿ ಖಾನಾಪುರದಿಂದ ಬಂದ ದಿನ ಆರತಿ ಎತ್ತಿದವಳೂ ಅವಳೇ. ನಾನು ಶೆಡ್ಡಿಗೆ ಹೋದ ಮೇಲೆ ನೀರು ಕುಡಿಸುವುದು, ಗುಳಿಗೆ ಕೊಡುವುದು, ಜಾರಿದ ದಿಂಬು ಸರಿಮಾಡುವುದು ಎಲ್ಲ ಈ ನಿಂತ ಮಾತಿನ ನಡುವೆಯೇ ಆಗಿಹೋಗುತ್ತಿತ್ತು. ನನಗೆ ಆಗ ಅದು ಕೆಲಸ ಎಂದು ಅನಿಸಿರಲಿಲ್ಲ.

ಮಷೀನು ಕೂಡಿಸಿದ್ದು ಶೆಡ್ಡಿನ ರಜೆಯ ದಿನ. ಬಾಜೂ ಶೆಡ್ಡಿನಲ್ಲಿ ಕಾರಿನ ಎ.ಸಿ. ಮಾಡುವ ನನ್ನ ಓರಗೆಯ ಮುಸಲ್ಮಾನ ಗೆಳೆಯನೊಬ್ಬನಿದ್ದಾನೆ. ಪೈಪಿನೊಳಗಿನ ಗಾಳಿಯನ್ನು ಎಳೆದು ತೆಗೆಯುವ ಪಂಪು, ಗೇಜು ಎಲ್ಲ ಅವನದು. ಪಂಪನ್ನು ಸ್ಕೂಟರಿನ ಮೇಲೆ ಇಟ್ಟುಕೊಂಡು ಬಂದ. ಬಂದವನೇ ನನ್ನ ತಯಾರಿ ನೋಡಿ ನಕ್ಕ.

“ಅರೆ ಉಸ್ತಾದ, ಎ.ಸಿ. ಹಚ್ಚಾಕ ನಿಂತೀಯೋ, ಲಾರಿ ಎಂಜಿನ್ ಇಳಸಾಕ ನಿಂತೀಯೋ? ಇಷ್ಟ ದೊಡ್ಡ ಪಾನಾ ಯಾಕ?”

“ನೀ ಪಂಪ್ ಅಷ್ಟ ನೋಡ್ಕೋ. ಉಳದದ್ದ ನನಗ ಬಿಡು.”

ಕೆಂಪು ಕಲ್ಲಿನ ಗೋಡೆ. ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿ ಬರಬೇಕು, ಇಲ್ಲದಿದ್ದರೆ ಮಷೀನಿನ ನೀರು ಒಳಗೇ ತೊಟ್ಟಿಕ್ಕುತ್ತದೆ. ಮೊದಲನೆಯ ತೂತು ನೆಟ್ಟಗೆ ಹೋಯಿತು. ಗೆಳೆಯ ಮೀಸೆಯಲ್ಲೇ ನಕ್ಕ. ಅದನ್ನು ಸಿಮೆಂಟಿನಿಂದ ತುಂಬಿ, ಒಂದು ಗೇಣು ಪಕ್ಕಕ್ಕೆ ಇನ್ನೊಂದು ತೆಗೆದೆ. ತಾಮ್ರದ ಪೈಪಿನ ಬಾಯಿಯನ್ನು ಹೂವಿನಂತೆ ಅರಳಿಸಿ ನಟ್ಟಿಗೆ ಕೂಡಿಸುವಾಗ ಮಾತ್ರ ಅವನು ನನ್ನ ಕೈ ಹಿಡಿದ. “ಸಾಕು ಸಾಕು. ಇದು ಟ್ರಕ್ ಅಲ್ಲ. ಇನ್ನ ತಿರುವಿದ್ರ ತಾಮ್ರ ಸೀಳತೈತಿ.” ಹೊರಗಿನ ಡಬ್ಬಿಯನ್ನು ಮಾಳಿಗೆಯ ಮೇಲೆ ನಾನೇ ಬೆಸೆದ ಕಬ್ಬಿಣದ ಚೌಕಟ್ಟಿನಲ್ಲಿ ಕೂಡಿಸಿದೆವು. ಪಂಪು ಅರ್ಧ ತಾಸು ನಡೆಯಿತು. ಗೇಜಿನ ಮುಳ್ಳು ಕೆಳಗೆ ಹೋಗಿ ನಿಂತಿತು. ಪಂಪು ಬಂದ್ ಮಾಡಿ ಒಂದು ಚಹಾ ಕುಡಿದೆವು. ಮುಳ್ಳು ಕದಲಲಿಲ್ಲ. ಒಂದು ಗುಳ್ಳೆಯಷ್ಟೂ ಸೋರಿಕೆ ಇರಲಿಲ್ಲ.

ಅಲ್ಲಿಗೆ ಅವನ ಕೆಲಸ ಮುಗಿಯಿತು, ನನ್ನದು ಮುಗಿಯಲಿಲ್ಲ. ಪೈಪು ಸೋರದಿದ್ದರೆ ಆಯಿತೇ, ಕೋಣೆಯೇ ಸೋರಿದರೆ? ಒಂದು ಊದಿನಕಡ್ಡಿ ಹಚ್ಚಿಕೊಂಡು ಕಿಟಕಿಯ ಸಂದಿ, ಬಾಗಿಲ ಸಂದಿ ಎಲ್ಲ ಹಿಡಿದು ನೋಡಿದೆ. ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಲಾರಿಯ ಮುಂಗಾಜಿಗೆ ಹಾಕುವ ರಬ್ಬರನ್ನು ಕೊಯ್ದು ಎಲ್ಲ ಸಂದಿಗೂ ಕೂಡಿಸಿದೆ. ಬಿಸಿಲು ಬರದಂತೆ ಕಿಟಕಿಯ ಗಾಜಿಗೆ ಕಪ್ಪು ಹಾಳೆ ಅಂಟಿಸಿದೆ. ಬಾಗಿಲು ತೆರೆದರೆ ತಾನೇ ಮುಚ್ಚಿಕೊಳ್ಳಲೆಂದು ಒಂದು ಗಟ್ಟಿ ಸ್ಪ್ರಿಂಗು ಹಚ್ಚಿದೆ. ಕೊನೆಯಲ್ಲಿ ಕೋಣೆಯ ನಡುವೆ ಊದಿನಕಡ್ಡಿ ಹಿಡಿದು ನಿಂತೆ. ಹೊಗೆ ನೂಲಿನಂತೆ ನೆಟ್ಟಗೆ ಏರಿತು.

“ಭಾಭಿನ ಏನ್ ಫ್ರಿಜ್ಜಿನ್ಯಾಗಿನ ಹಾಲಿನ ಪಾಕೀಟ ಮಾಡಿಯೇನೋ?” ಎಂದ ಗೆಳೆಯ. ಮಂಚದ ಮೇಲಿದ್ದ ನನ್ನ ಹೆಂಡತಿ ನಕ್ಕಳು. “ಹಾಲಿನ ಪಾಕೀಟರ ದಿನಾ ಯಾರರ ತಗದು ನೋಡ್ತಾರ್ರಿ” ಎಂದಳು. ಮೂವರೂ ನಕ್ಕೆವು.

ಆ ಮಷೀನು ಸುಳ್ಳು ಹೇಳಲಿಲ್ಲ. ಇದನ್ನೂ ಬರೆಯಲೇಬೇಕು. ಓಣಿಯ ನಾಯಿಗಳು ಗಟಾರದಲ್ಲಿ ಮಲಗುವ ಮಧ್ಯಾಹ್ನದಲ್ಲಿ ಅವಳು ತಾನೇ ಕಪ್ಪು ಎತ್ತಿ ಚಹಾ ಕುಡಿದಳು. ಮೂರನೆಯ ದಿನ ತಾನೇ ತಲೆ ಬಾಚಿಕೊಂಡಳು. ಎರಡು ವರ್ಷದಿಂದ ಆ ಹೆರಳನ್ನು ನಾನು ಹಾಕುತ್ತಿದ್ದೆ, ಸೊಟ್ಟಗೆ ಹಾಕುತ್ತಿದ್ದೆ. ಅಂದು ನೆಟ್ಟನೆಯ ಹೆರಳು ನೋಡಿ ನಾನು ಅಡುಗೆಮನೆಗೆ ಹೋಗಿ ಒಂದು ಗಳಿಗೆ ನಿಂತುಬಂದೆ. ಮರುದಿನ ಶೆಡ್ಡಿಗೆ ಬಂದ ಪ್ರತಿಯೊಬ್ಬ ಡ್ರೈವರನಿಗೂ ಹೇಳಿದೆ.

ಅದೇ ವಾರ ಒಂದು ಮುಂಜಾನೆ ಆಯಿ ಬಂದಳು. ಬಾಗಿಲು ದೂಡಿ, ಒಂದು ಚಪ್ಪಲಿ ಬಿಟ್ಟು, ಚೌಕಟ್ಟಿಗೆ ಕೈ ಕೊಟ್ಟು, ಬೆನ್ನಿನಿಂದ ಬಾಗಿಲನ್ನು ಒತ್ತಿ ಹಿಡಿದು ನಿಂತಳು. ನಾನು ಶೆಡ್ಡಿಗೆ ಹೋಗಲು ಶರ್ಟು ಹಾಕಿಕೊಳ್ಳುತ್ತಿದ್ದೆ. ಅವರಿಬ್ಬರ ಮಾತು ನಡೆದಿತ್ತು. ನನಗೆ ಕಾಣುತ್ತಿದ್ದುದು ತೆರೆದ ಬಾಗಿಲು ಮಾತ್ರ. ತೊಟ್ಟಿಯಲ್ಲಿ ಮುಳುಗಿಸಿದ ಜಾಳಿಗೆಯಿಂದ ಗುಳ್ಳೆ ಏಳುವುದನ್ನು ನೋಡುತ್ತ ನಿಂತವನ ಹಾಗೆ ನಿಂತೆ, ತಡೆಯಲಾಗಲಿಲ್ಲ.

“ಆಯೀ, ಒಳಗರ ಬರ್ರಿ, ಹೊರಗರ ನಿಂದರ್ರಿ. ನಡುವ ನಿಂತ್ರ ಥಂಡೆಲ್ಲಾ ಓಣಿಗೆ ಹೋಗತೈತಿ.”

“ಹೌದಲ್ಲ ತಮ್ಮಾ. ನನಗ ತಿಳೀಲಿಲ್ಲ ನೋಡು” ಎಂದಳು ಆಯಿ. ಚಪ್ಪಲಿ ಮೆಟ್ಟಿ ಹಿಂದೆ ಸರಿದಳು. ಅವಳ ಬೆನ್ನು ಬಿಟ್ಟೊಡನೆ ನನ್ನ ಸ್ಪ್ರಿಂಗು ತನ್ನ ಕೆಲಸ ಮಾಡಿತು. ಬಾಗಿಲು ದಪ್ಪೆಂದು ಮುಚ್ಚಿಕೊಂಡಿತು.

“ಹಂಗ ಅನ್ನಬಾರದಿತ್ರಿ ನೀವು” ಎಂದಳು ಹೆಂಡತಿ.

“ಏನ್ ಅಂದ್ನಿ? ನಕ್ಕೋತ ಅಂದ್ನೆಲ್ಲಾ.”

“ನೀವು ನಕ್ಕಿದ್ದ ಆಕಿಗೆ ಕಾಣಲಿಲ್ಲ. ಬಾಗಲಾ ಮುಚ್ಚಿದ್ದ ಕಾಣ್ತು.”

“ನಾಳೆ ಬರ್ತಾಳ ತಗೋ” ಎಂದು ನಾನು ಹೊರಟೆ.

ನಾಳೆ ಬಂದಳೋ ಇಲ್ಲವೋ ನಾನು ಕೇಳಲಿಲ್ಲ. ಮುಂಜಾನೆ ಎಂಟೂವರೆಗೆ ಹೋಗುತ್ತಿದ್ದೆ, ಒಂದಕ್ಕೆ ಊಟಕ್ಕೆ ಬಂದು ಅವಳಿಗೂ ಉಣ್ಣಿಸಿ ಹೋಗುತ್ತಿದ್ದೆ, ಸಂಜೆ ಬರುತ್ತಿದ್ದೆ. ಯುಗಾದಿಗೆ ಓಣಿಯಲ್ಲಿ ಮನೆಮನೆಗೆ ಹೋಳಿಗೆಯ ತಾಟು ಹೋಗುವುದು ರೂಢಿ. ಆ ವರ್ಷ ನಮ್ಮ ಮನೆಗೆ ಬರಬೇಕಾದ ತಾಟುಗಳನ್ನು ನಾನು ಸ್ಕೂಟರು ನಿಲ್ಲಿಸುವಾಗ ಹೊರಗೇ ನನ್ನ ಕೈಗೆ ಕೊಟ್ಟರು. “ಒಳಗ ಬರ್ರಿ” ಎಂದೆ. “ಇರಲಿ ಅಣ್ಣಾರ, ವೈನಿ ಮಲಗಿರತಾರ” ಎಂದರು. ಮಲಗಿರಲಿಲ್ಲ ಅವಳು. ಹೊಸ ಸೀರೆ ಉಟ್ಟು, ತಾನೇ ತಲೆ ಬಾಚಿಕೊಂಡು, ಮಂಚದ ಮೇಲೆ ಕುಳಿತಿದ್ದಳು. ನಾಲ್ಕು ತಾಟುಗಳನ್ನು ಒಳಗೆ ತಂದಿಟ್ಟೆ. ಅವಳು ಅವುಗಳನ್ನು ನೋಡಿದಳು, ಯಾವುದು ಯಾರ ಮನೆಯದೆಂದು ತಾಟಿನ ಮೇಲೇ ಗುರುತು ಹಿಡಿದಳು. ಮತ್ತೆ ಮಾತಾಡಲಿಲ್ಲ. ಬೇನೆಗೆ ದನಿ ಇನ್ನೂ ಸಣ್ಣಗಾಗಿದೆ ಎಂದುಕೊಂಡೆ ನಾನು.

ಏಪ್ರಿಲ್ ಕೊನೆಗೆ ಒಂದು ಮಧ್ಯಾಹ್ನ ಉಣ್ಣಿಸುತ್ತಿದ್ದಾಗ ಅವಳು ತುತ್ತನ್ನು ಕೈಯಿಂದ ತಡೆದಳು.

“ನನ್ನ ಖಾನಾಪುರಕ್ಕ ಬಿಟ್ಟ ಬರ್ರಿ.”

ಖಾನಾಪುರದಲ್ಲಿ ಅವಳ ತಮ್ಮನ ಮನೆ. ಹಿಟ್ಟಿನ ಗಿರಣಿ ನಡೆಸುತ್ತಾನೆ. ಮುಂದೆ ಗಿರಣಿ, ಅದಕ್ಕೆ ಹತ್ತಿಕೊಂಡೇ ಮನೆ.

“ಅಲ್ಲೇನೈತಿ? ತಗಡಿನ ಮನಿ. ಹನ್ನೊಂದಕ್ಕ ಹಂಚ ಕಾದಂಗ ಕಾಯತೈತಿ.”

“ಕಾಯಲಿ.”

“ಡಾಕ್ಟರ್ ಏನ್ ಹೇಳ್ಯಾರ, ಗೊತ್ತೈತಿಲ್ಲೋ?”

“ಗೊತ್ತೈತಿ.”

“ಗೊತ್ತಿದ್ದೂ ಹಿಂಗ ಅಂತಿ ಅಂದ್ರ ಏನ್ ಅನ್ನಬೇಕ ನಿನಗ? ಇಲ್ಲಿ ನಿನಗ ಏನ್ ಕಡಿಮಿ ಮಾಡೀನಿ ನಾ?”

ಒಂದು ವಾಕ್ಯ ಹೇಳಲು ಅವಳಿಗೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು.

“ನೀವು ಹೋದಮ್ಯಾಗ ಒಂದರ ತನಕ ನಾ ಒಂದ ಮಾತೂ ಆಡಂಗಿಲ್ರಿ. ನೀವು ಬರ್ತೀರಿ, ಮಷೀನ ಹೆಂಗ ನಡದೈತಿ ಅಂತ ಕೇಳ್ತೀರಿ. ಚಲೋ ನಡದೈತಿ ಅಂತೀನಿ. ಮತ್ತ ಸಂಜೀ ತನಕ ಸುಮ್ಮನ ಕುಂದರ್ತೀನಿ.”

“ಆಯಿ ಬರಂಗಿಲ್ಲೇನು?”

“ಅವತ್ತ ಹೋದಾಕಿ ಬಂದಿಲ್ಲ.”

“ಉಳದಾವ್ರು?”

“ಹಗಲೊತ್ತಿನ್ಯಾಗ ಮುಚ್ಚಿದ ಬಾಗಲಾ ಯಾರ ಬಡೀತಾರ್ರೀ?”

ಅದು ಖರೆ. ನಮ್ಮ ಓಣಿಯಲ್ಲಿ ಹಗಲು ಬಾಗಿಲು ಹಾಕಿದ್ದರೆ ಮನೆಯವರು ಊರಲ್ಲಿಲ್ಲ, ಇಲ್ಲವೇ ಯಾರೂ ಬರುವುದು ಬೇಡವಾಗಿದೆ ಎಂದೇ ಅರ್ಥ. ಅದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದೇ ಓಣಿಯಲ್ಲಿ ಹುಟ್ಟಿದವನು ನಾನು. ಎರಡು ತಿಂಗಳು ಅವಳು ಕಪ್ಪು ಹಾಳೆ ಅಂಟಿಸಿದ ಕಿಟಕಿಯ ಒಳಗೆ ಕುಳಿತಿದ್ದಳು.

ತೆರೆದಿಟ್ಟರೆ ಕೈಕಾಲಿನ ಕಸುವು ಹೋಗುತ್ತದೆ, ಮುಚ್ಚಿದರೆ ಮಂದಿ ಹೋಗುತ್ತಾರೆ. ಇದಕ್ಕೆ ನನಗೆ ತೋಚಿದ್ದು ಇನ್ನೊಂದು ಕೆಲಸವೇ. ಐಸಿನ ಫ್ಯಾಕ್ಟರಿಯ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಇಳಿಬಿಟ್ಟಿರುತ್ತಾರಲ್ಲ, ಅಂಥದನ್ನು ತಂದು ಹಚ್ಚಿದೆ. ಸ್ಪ್ರಿಂಗು ತೆಗೆದೆ. ಬಾಗಿಲು ಈಗ ದಿನವಿಡೀ ತೆರೆದೇ ಇತ್ತು, ತಂಪೂ ಮುಕ್ಕಾಲು ಪಾಲು ಉಳಿಯುತ್ತಿತ್ತು. ಓಣಿಯವರು ನೋಡಲಿ, ಬರಲಿ ಎಂದು ಕಾದೆ. ಯಾರೂ ಬರಲಿಲ್ಲ.

ನಮ್ಮ ಮೆಟ್ಟಿಲಿನಿಂದ ಆಯಿಯ ಮೆಟ್ಟಿಲಿಗೆ ಆರು ಹೆಜ್ಜೆ. ಹೋಗಿ, “ಆಯೀ, ಬರ್ರಿ” ಎಂದರೆ ಮುಗಿಯುತ್ತಿತ್ತು. ಮುಂಜಾನೆ ಸ್ಕೂಟರು ಹೊರಳಿಸುವಾಗ ಅವಳು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕುಳಿತಿರುತ್ತಿದ್ದಳು. ನನ್ನನ್ನು ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ. ನಾನೇನು ಕೆಟ್ಟದ್ದು ಅಂದೆ, ಬೇನೆಯವಳ ಸಲುವಾಗಿ ಅಂದೆ, ಅಷ್ಟು ತಿಳಿಯದೇ ಇವರಿಗೆ ಎಂದು ಮನಸ್ಸು ಅನ್ನುತ್ತಿತ್ತು. ಸ್ಕೂಟರು ಕಿಕ್ ಹೊಡೆಯುತ್ತಿದ್ದೆ. ಎಂಟು ದಿನ ಹೀಗೇ ಹೋಯಿತು. ಒಂಬತ್ತನೆಯ ದಿನ ಹೆಂಡತಿ ಮತ್ತೆ ಕೇಳಲಿಲ್ಲ, ಬಟ್ಟೆಯ ಚೀಲ ತುಂಬಿ ಮಂಚದ ಬದಿಗೆ ಇಟ್ಟುಕೊಂಡು ಕುಳಿತಿದ್ದಳು. ಆ ಕೈಯಲ್ಲಿ ಚೀಲ ತುಂಬಲು ಎಷ್ಟು ಹೊತ್ತು ಹಿಡಿದಿತ್ತೋ.

ಗೆಳೆಯ ಒಂದು ಎ.ಸಿ. ಕಾರು ತಂದ. ಅವಳನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಖಾನಾಪುರಕ್ಕೆ ಹೊರಟೆವು. ಗಿರಣಿಯ ಮುಂದೆ ಇಳಿದಾಗ ಅವಳ ತಮ್ಮ ಹಿಟ್ಟು ಹತ್ತಿದ ಕೈಯಲ್ಲೇ ಓಡಿಬಂದ. “ಬರ್ರಿ ಮಾಮಾ, ಬರ್ರಿ. ಅಕ್ಕಾ, ನನ್ನ ಹೆಗಲ ಮ್ಯಾಲ ಕೈ ಹಾಕು” ಎಂದು ಅವಳನ್ನು ಎತ್ತಿಕೊಂಡೇ ಒಳಗೆ ಹೋದ. ಅವಳಿಗೆ ಮಲಗಲು ಒಂದು ಹೊರಸನ್ನು ಮನೆಗೂ ಗಿರಣಿಗೂ ನಡುವಿನ ಬಾಗಿಲ ಹತ್ತಿರವೇ ಹಾಕಿದ್ದ.

ಆಮೇಲೆ ಪ್ರತಿ ರಜೆಗೂ ಬಸ್ಸಿಗೆ ಹೋಗಿ ಬರುತ್ತಿದ್ದೆ. ಗಿರಣಿಗೆ ಬಂದ ಹೆಂಗಸರು ಜೋಳದ ಡಬ್ಬಿ ಪಾಳಿಗೆ ಇಟ್ಟು, ತಮ್ಮ ಪಾಳಿ ಬರುವ ತನಕ ಅವಳ ಹೊರಸಿನ ಸುತ್ತ ಕೂಡುತ್ತಿದ್ದರು. ಒಬ್ಬಳು ಮರಾಠಿಯಲ್ಲಿ ಕೇಳಿದರೆ ಇವಳು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ಗಿರಣಿಯ ಸದ್ದಿನಲ್ಲಿ ಅವಳ ಸಣ್ಣ ದನಿ ಯಾರಿಗೂ ಕೇಳುತ್ತಿರಲಿಲ್ಲ, ಹಾಗಾಗಿ ಅವರೆಲ್ಲ ಅವಳ ಬಾಯಿಯ ಹತ್ತಿರ ಕಿವಿ ತರುತ್ತಿದ್ದರು. ಕಿವಿಗೆ ಅವಳು ಏನು ಹೇಳುತ್ತಿದ್ದಳೋ, ಅವರು ಬಿದ್ದು ಬಿದ್ದು ನಗುತ್ತಿದ್ದರು. ಹನ್ನೆರಡು ಹೊಡೆಯುವ ಹೊತ್ತಿಗೆ ತಗಡು ಕಾಯುತ್ತಿತ್ತು. ಕೈ ಸೋತು ಸೀರೆಯ ಮೇಲೆ ಬೀಳುತ್ತಿತ್ತು, ಕತ್ತು ನಿಲ್ಲುತ್ತಿರಲಿಲ್ಲ. ಯಾರೋ ಹಸಿ ಬಟ್ಟೆ ಹಿಂಡಿ ಹಣೆಗೆ ಹಾಕುತ್ತಿದ್ದರು, ಯಾರೋ ಬೀಸಣಿಗೆ ಬೀಸುತ್ತಿದ್ದರು. ತಾನೇ ಹಾಕಿಕೊಳ್ಳುತ್ತಿದ್ದ ಆ ಹೆರಳೂ ಹೋಯಿತು. ಯಾರದೋ ಕೈ ಹಾಕಿದ ಗಂಟು ಕಾಣುತ್ತಿತ್ತು.

ನಾನು ನೋಡುತ್ತಿದ್ದುದು ಗಾಳಿಯಲ್ಲಿ ತೇಲುವ ಹಿಟ್ಟಿನ ಧೂಳು. ಅದು ಅವಳ ರೆಪ್ಪೆಯ ಮೇಲೆ ಕೂತಿರುತ್ತಿತ್ತು. ಅವಳಿಗೆ ಸಣ್ಣ ಕೆಮ್ಮು ಸುರುವಾಗಿತ್ತು.

“ಇಲ್ಲಿ ಒಳಗಿನ ಕೋಲ್ಯಾಗ ಆ ಮಷೀನ ತಂದು ಹಚ್ಚತೀನಿ. ಒಂದ ದಿನದ ಕೆಲಸ” ಎಂದೆ.

“ಹಚ್ಚೂಣು ಮಾಮಾ, ತಗಡಿಗೆ ನಾ ಒಳಗಿಂದ ಥರ್ಮಾಕೋಲ್ ಹೊಡಸ್ತೀನಿ” ಎಂದ ಅವಳ ತಮ್ಮ.

ಅವಳು ನನ್ನ ಕಡೆ ಕಣ್ಣು ತಿರುಗಿಸಿದಳು. “ಬ್ಯಾಡ್ರಿ. ನಿಮ್ಮ ಕೈಕೆಲಸ ಭಾಳ ಚಲೋ ಐತಿ. ಇಲ್ಲಿ ಬ್ಯಾಡ.”

ಗಿರಣಿಯ ಹೆಂಗಸರು ಕೇಳುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ನಿಮಗೆ ತಿಳಿಯುವುದಿಲ್ಲ ಎಂದು ಅಂಗಡಿಯವನು ಅಂದದ್ದನ್ನು ಮಾಡಿ ತೋರಿಸಿದವನಿಗೆ ಸ್ವಂತ ಹೆಂಡತಿ ನಾಲ್ಕು ಮಂದಿಯ ಮುಂದೆ ಬೇಡ ಎಂದಳಲ್ಲ. ಚಹಾ ಕುಡಿಯದೇ ಎದ್ದುಬಂದೆ. ಮುಂದಿನ ರಜೆಗೆ ಹೋಗಲಿಲ್ಲ. ಶೆಡ್ಡಿನಲ್ಲಿ ಕೆಲಸ ಇತ್ತು ಎಂದು ಫೋನಿನಲ್ಲಿ ಹೇಳಿದೆ. ಕೆಲಸ ಇರಲಿಲ್ಲ. ಖಾಸಬಾಗದ ಆ ಕೋಣೆಯಲ್ಲಿ ಒಬ್ಬನೇ ಮಲಗಿದ್ದೆ.

ಆ ವಾರ ಮಳೆ ಹಿಡಿಯಿತು. ಖಾನಾಪುರದ ಮಳೆ ಒಮ್ಮೆ ಹಿಡಿದರೆ ಬಿಡುವಂಥದ್ದಲ್ಲ. ಕೆಮ್ಮು ಎದೆಗೆ ಇಳಿದು ಜ್ವರ ಬಂತು. ತಮ್ಮ ಫೋನು ಮಾಡಿದಾಗ ಹೋದೆ. ಮಳೆಯ ಥಂಡಿಗೆ ಕೈಕಾಲು ಸೆಟೆದಿದ್ದವು. ಅವಳ ಅಂಗೈಯನ್ನು ನನ್ನ ಎರಡೂ ಕೈಯಲ್ಲಿ ತಿಕ್ಕುತ್ತ ಕುಳಿತೆ. ಮಷೀನಿನಲ್ಲಿ ಬಿಸಿಗಾಳಿಯ ಗುಂಡಿ ಒಂದಿತ್ತು, ಸೂರ್ಯನ ಚಿತ್ರ ಇದ್ದದ್ದು. ಅದನ್ನು ಒಮ್ಮೆಯೂ ಒತ್ತಿರಲಿಲ್ಲ. ಅವಳಿಗೆ ಮಾತು ಬರುತ್ತಿರಲಿಲ್ಲ, ಕಣ್ಣಿನಲ್ಲೇ ನನ್ನನ್ನು ಕುಳಿತುಕೊಳ್ಳಲು ಹೇಳಿದಳು. ದವಾಖಾನೆಗೆ ಒಯ್ದೆವು, ಮೂರು ದಿನ ಇದ್ದಳು. ಮೂರನೆಯ ದಿನ ಮಧ್ಯಾಹ್ನ ಹೋದಳು.

ಸೆಕೆಗೆ ಸೋತ ಮೈಯೇ ಜ್ವರವನ್ನು ತಡೆಯಲಿಲ್ಲವೋ, ಹಿಟ್ಟಿನ ಧೂಳೋ, ಬೇನೆಯೇ ಅಲ್ಲಿಗೆ ಬಂದಿತ್ತೋ ಎಂದು ಡಾಕ್ಟರನ್ನು ಕೇಳಿದೆ. “ಯಾವುದಂತ ಹೇಳೂದ್ರಿ? ಎಲ್ಲಾ ಕೂಡಿರತಾವು” ಎಂದರು. ಅವರು ತಪ್ಪಿಸಿಕೊಳ್ಳಲು ಹೇಳಿದ್ದಲ್ಲ, ಗೊತ್ತಾಗುವಂಥದ್ದೇ ಅಲ್ಲ ಅದು. ನನ್ನ ಕೋಣೆಯಲ್ಲಿ ಇದ್ದಿದ್ದರೆ ಇನ್ನೂ ನಾಲ್ಕು ವರ್ಷ ಇರುತ್ತಿದ್ದಳೇನೋ ಎಂದು ಒಂದು ದಿನ ಅನಿಸುತ್ತದೆ. ಇದ್ದರೂ ಹೇಗೆ ಇರುತ್ತಿದ್ದಳು ಎಂದು ಮರುದಿನ ಅನಿಸುತ್ತದೆ.

ಅಕ್ಕನನ್ನು ಇಲ್ಲೇ ಮಣ್ಣು ಮಾಡೋಣವೇ ಎಂದು ಅವಳ ತಮ್ಮ ಹೆದರುತ್ತ ಕೇಳಿದ. ಗಂಡನ ಊರು ಬಿಟ್ಟು ತವರಿನಲ್ಲಿ ಮಣ್ಣು ಮಾಡಿದರೆ ಮಂದಿ ನಾಲ್ಕು ಮಾತು ಆಡುತ್ತಾರೆ. ಆಡಲಿ ಎಂದೆ. ಅವರ ಹೊಲದ ಬದುವಿನಲ್ಲಿ ಮಾಡಿದೆವು. ಖಾಸಬಾಗದ ಓಣಿಯವರು ಒಂದು ಟೆಂಪೋ ತುಂಬ ಬಂದರು, ಮಳೆಯಲ್ಲೇ ನಿಂತರು, ಮಣ್ಣು ಮುಗಿದ ಮೇಲೆ ಹೋದರು. ಆಯಿ ಹೋಗಲಿಲ್ಲ. ಮೂರನೆಯ ದಿನದ ಕಾರ್ಯ ಮುಗಿಸಿಕೊಂಡೇ ಬರುತ್ತೇನೆ ಎಂದು ಗಿರಣಿಯ ಮನೆಯಲ್ಲಿ ಉಳಿದಳು. ಕಾರ್ಯದ ಮರುದಿನ ಅವಳೂ ನಾನೂ ಒಂದೇ ಬಸ್ಸಿಗೆ ಬೆಳಗಾವಿಗೆ ಹೊರಟೆವು.

ಬಸ್ಸು ಮಲಪ್ರಭೆಯ ಸೇತುವೆ ದಾಟಿತು. ಹೊಸ ನೀರು ಕೆಂಪಗೆ ಬಂದಿತ್ತು. ನಾನು ಕಿಟಕಿಯ ಕಡೆಗೆ ಮುಖ ಮಾಡಿಯೇ ಹೇಳಿದೆ.

“ಆಯೀ, ಅವತ್ತ ನಾ ಹಂಗ ಅಂದದ್ದ ತಪ್ಪಾತ್ರಿ.”

“ನನಗ ಹೇಳಿ ಏನ್ ಮಾಡ್ತಿ ತಮ್ಮಾ” ಎಂದಳು ಆಯಿ. ತೊಡೆಯ ಮೇಲಿನ ಚೀಲ ಸರಿಸಿಕೊಂಡು, “ನಾನೂ ಶ್ಯಾಣ್ಯಾಕಿ ಅಲ್ಲ ಬಿಡು. ಬಾಗಲಾ ನೂಕಿ ಒಳಗ ಬರಬೇಕಿತ್ತು. ಇಂವಾ ಬಂದು ಕರೀಲಿ ಅಂತ ಕುಂತೆ. ಆಮ್ಯಾಲ ನೀ ಆ ಪ್ಲಾಸ್ಟಿಕಿನ ಪರದೆ ಬಿಟ್ಟಿ. ದವಾಖಾನ್ಯಾಗ ಇರತೈತಿಲ್ಲ, ಹಂಗ ಕಾಣ್ತು. ಬ್ಯಾನಿ ಜಾಸ್ತಿ ಆಗೇತಿ, ಯಾರೂ ಹತ್ರ ಹೋಗಬಾರದಂತ ಡಾಕ್ಟರ್ ಹೇಳ್ಯಾರ ಅಂತ ಓಣಿಯೆಲ್ಲಾ ಮಾತಾಡಿದ್ರು. ನಾ ದಿನಾ ಕಟ್ಟಿ ಮ್ಯಾಲಿಂದ ನೋಡ್ತಿದ್ದೆ. ಒಳಗ ಏನೂ ಕಾಣತಿರಲಿಲ್ಲ” ಎಂದಳು.

ಬಹಳ ದೂರ ಹೋದ ಮೇಲೆ ಕೇಳಿದೆ.

“ಇಪ್ಪತ್ತ ವರ್ಷ ದಿನಾ ನಿಂತ ಮಾತಾಡ್ತಿದ್ರೆಲ್ಲಾ. ಏನ್ ಮಾತಾಡ್ತಿದ್ರಿ ಇಬ್ರೂ?”

ಆಯಿ ನೆನಪು ಮಾಡಿಕೊಳ್ಳಲು ನೋಡಿದಳು. “ಏನ್ ಮಾತಾಡೂದಪಾ. ನೀರ ಬಂತೇನ? ಪಲ್ಲೆ ಏನ್ ಮಾಡಿ? ಮ್ಯಾಲಿನ ಓಣ್ಯಾಗ ಯಾರೋ ಹಡದಾಳಂತ, ಗಂಡೋ ಹೆಣ್ಣೋ? ಇಷ್ಟ.”

“ಇಷ್ಟಕ್ಕ ತಾಸಗಟ್ಟಲೆ?”

“ಇಷ್ಟಕ್ಕ.”

ಆಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸೀಟಿಗೆ ಒರಗಿದಳು, ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ಅವಳ ತಲೆ ನನ್ನ ತೋಳಿಗೆ ಬಂತು. ನಾನು ಕದಲಲಿಲ್ಲ. ಇಷ್ಟು ಮಾತಿಗಾಗಿ ನನ್ನ ಹೆಂಡತಿ ಮೈಯ ಕಸುವನ್ನೇ ಬಿಟ್ಟುಕೊಟ್ಟು ಹೋದಳು. ಇಷ್ಟು ಮಾತು ನನಗೂ ಬರುತ್ತಿತ್ತು. ಎರಡು ತಿಂಗಳು ದಿನಾ ಒಂದಕ್ಕೆ ಬಂದು, ಅವಳ ಎದುರು ಕುಳಿತು ಉಣ್ಣಿಸಿದವನು ನಾನು. ಮೇಲಿನ ಓಣಿಯಲ್ಲಿ ಹಡೆದವರು ಯಾರೆಂದು ಆ ಬಸ್ಸಿನಲ್ಲಿ ಕುಳಿತಾಗಲೂ ನನಗೆ ಗೊತ್ತಿರಲಿಲ್ಲ. ಆಯಿ ಎದ್ದ ಮೇಲೆ ಕೇಳಬೇಕು ಎಂದುಕೊಂಡೆ. ಕಂಡಕ್ಟರು ಬಂದು ತಿಕೀಟು ಕೇಳಿದಾಗ ಎರಡು ಬೆರಳು ಎತ್ತಿ ತೋರಿಸಿ, ಆಯಿಗೆ ಎಚ್ಚರವಾಗದಂತೆ ಮೆಲ್ಲಗೆ ಊರಿನ ಹೆಸರು ಹೇಳಿದೆ.